ಗುರುತು ಹಿಡಿದ ಮೇಲೆ

ಮಂಗಳೂರಿನ ಅಡುಗೆಮನೆಯಲ್ಲಿ ಹುರುಳಿಗೆ ಸಾರು, ಚಟ್ನಿಗಳ ಆಚೆ ಬೇರೆ ಕೆಲಸವಿದ್ದೀತು ಎಂದು ಯಾರಿಗೂ ಅನಿಸುವುದಿಲ್ಲ. ಆದರೆ ತುಳುವಿನಲ್ಲಿ ಕುಡು ಎನ್ನುವ ಈ ಕಾಳಿನಿಂದ ಬೇರ್ಪಡಿಸಿದ ಒಂದು ಪ್ರೊಟೀನು ರಕ್ತಪರೀಕ್ಷೆಗೆ ಬಳಕೆಯಾಗುತ್ತದೆ. ಎ ಗುಂಪಿನ ರಕ್ತದೊಳಗೆ ಎ1, ಎ2 ಎಂಬ ಒಳಭೇದಗಳಿವೆ. ಹದವಾಗಿ ತೆಳುಮಾಡಿದ ಹುರುಳಿಯ ಪ್ರೊಟೀನು ಎ1 ಕಣಗಳನ್ನು ಮುದ್ದೆಗಟ್ಟಿಸುತ್ತದೆ, ಎ2 ಕಣಗಳನ್ನು ಬಿಟ್ಟುಬಿಡುತ್ತದೆ. ಕಣದ ಮೈಮೇಲಿರುವ ಒಂದು ಸಕ್ಕರೆಯೇ ಅದಕ್ಕೆ ಗುರುತು. ಹಲಸಿನ ಬೀಜದಲ್ಲಿಯೂ ಇಂಥದೇ ಪ್ರೊಟೀನಿದೆ, ಹೆಸರು ಜಕಾಲಿನ್. ಅದು ಸಕ್ಕರೆಯನ್ನು ಹಿಡಿಯುವ ಬಗೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ವಿಜಯನ್ ಅವರ ತಂಡ 1996ರಲ್ಲಿ ಬಿಡಿಸಿ ತೋರಿಸಿತು. ಹೀಗೆ ಸಕ್ಕರೆಯನ್ನು ಗುರುತಿಸಿ ಅಂಟಿಕೊಳ್ಳುವ ಪ್ರೊಟೀನುಗಳನ್ನು ಲೆಕ್ಟಿನ್ ಎನ್ನುತ್ತಾರೆ.

ನಮ್ಮ ಮೈಯೊಳಗೂ ಲೆಕ್ಟಿನ್‌ಗಳಿವೆ. ನಮ್ಮ ಪ್ರತಿಯೊಂದು ಜೀವಕೋಶದ ಹೊರಮೈಯಲ್ಲಿ ಮ್ಯಾನೋಸ್, ಗ್ಯಾಲಕ್ಟೋಸ್ ಮುಂತಾದ ಸಕ್ಕರೆಗಳು ಕವಲು ಕವಲಾಗಿ ಚಾಚಿಕೊಂಡಿರುತ್ತವೆ. ಬ್ಯಾಕ್ಟೀರಿಯಾಗಳ ಹೊದಿಕೆಯಲ್ಲೂ ಸಕ್ಕರೆಗಳೇ. ಶ್ವಾಸಕೋಶದಲ್ಲಿ ಕಾವಲಿರುವ ಮ್ಯಾಕ್ರೊಫೇಜ್ ಕೋಶದ ಮೇಲೆ ಮ್ಯಾನೋಸನ್ನು ಹಿಡಿಯುವ ಒಂದು ಲೆಕ್ಟಿನ್ ಇದೆ. ರೋಗಾಣು ಬಂದಾಗ ಹಿಡಿದು ನುಂಗುವುದು ಅದರ ಒಂದು ಕೆಲಸ. ಉರಿಯೂತ ಇಳಿದ ಮೇಲೆ ನಮ್ಮದೇ ರಕ್ತದಲ್ಲಿ ಉಳಿದ ಸಕ್ಕರೆ ಹೊತ್ತ ಪ್ರೊಟೀನುಗಳನ್ನು ಹೆಕ್ಕಿ ತೆಗೆಯುವುದು ಇನ್ನೊಂದು. ಈ ಎರಡನೆಯ ಕೆಲಸದ ಬಗ್ಗೆ ಮಾತಾಡುವವರು ಕಡಿಮೆ. ನನ್ನ ವಾದಕ್ಕೆ ಮಾತ್ರ ಅದು ಬಹಳ ಮುಖ್ಯ.

ಕ್ಷಯದ ಬ್ಯಾಕ್ಟೀರಿಯಾ ಒಳಗೆ ಬರುವ ಒಂದು ದಾರಿ ಈ ಹಿಡಿತವೇ. ಅದರ ಹೊದಿಕೆಯಲ್ಲಿ ಲೈಪೊಅರಾಬಿನೊಮ್ಯಾನನ್ ಎಂಬ ಉದ್ದನೆಯ ಅಣುವಿದ್ದು, ಅದರ ತುದಿಗಳಲ್ಲಿ ಮ್ಯಾನೋಸ್ ಇರುತ್ತದೆ. ಮ್ಯಾಕ್ರೊಫೇಜ್ ಆ ತುದಿಯನ್ನು ಹಿಡಿದು ಬ್ಯಾಕ್ಟೀರಿಯಾವನ್ನು ನುಂಗುತ್ತದೆ. ನುಂಗಿದ್ದು ಒಂದು ಚೀಲದಲ್ಲಿ ಸೇರುತ್ತದೆ. ಆ ಚೀಲ ಆಮ್ಲ ಮತ್ತು ಕಿಣ್ವಗಳು ತುಂಬಿದ ಲೈಸೊಸೋಮ್ ಜೊತೆ ಬೆರೆತರೆ ಒಳಗಿನ ರೋಗಾಣು ಕರಗಿಹೋಗಬೇಕು. ಆದರೆ ಈ ಲೆಕ್ಟಿನ್ ಹಿಡಿದು ಒಳತಂದಾಗ ಆ ಬೆರೆಯುವಿಕೆ ಕುಂಠಿತವಾಗುತ್ತದೆ ಎಂದು 2005ರಲ್ಲಿ ಮಾನವ ಮ್ಯಾಕ್ರೊಫೇಜ್‌ಗಳ ಮೇಲೆ ನಡೆದ ಅಧ್ಯಯನ ತೋರಿಸಿತು. ಕೊಲ್ಲಬೇಕಾದ ಕೋಶವೇ ಬ್ಯಾಕ್ಟೀರಿಯಾಕ್ಕೆ ವಾಸದ ಜಾಗವಾಗುತ್ತದೆ. ರೋಗನಿರೋಧ ವ್ಯವಸ್ಥೆಯದೇ ಆದ ಡೆಂಡ್ರಿಟಿಕ್ ಕೋಶಗಳ ಮೇಲಿರುವ ಡಿಸಿ-ಸೈನ್ ಎಂಬ ಇನ್ನೊಂದು ಲೆಕ್ಟಿನ್ ಕೂಡ ಇದೇ ಅಣುವನ್ನು ಹಿಡಿಯುತ್ತದೆ. ಹಿಡಿದಾಗ ಆ ಕೋಶದ ಕಾವು ತಗ್ಗಿಸುವ ಸಂಕೇತಗಳು ಹೆಚ್ಚುತ್ತವೆ ಎಂದು 2003ರಲ್ಲಿ ವರದಿಯಾಯಿತು. ಕುಷ್ಠದ ಬ್ಯಾಕ್ಟೀರಿಯಾ ಇದೇ ಕುಲದ್ದು, ಡಿಸಿ-ಸೈನ್ ಅದನ್ನೂ ಹಿಡಿಯುತ್ತದೆ.

ಇದನ್ನು ಹೇಳಲು ಹೊರಟಾಗ ನಮ್ಮ ಬಾಯಿಗೆ ಬರುವ ಮಾತುಗಳನ್ನು ಗಮನಿಸಬೇಕು. ವೇಷ, ಮೋಸ, ಒಳಸಂಚು, ದ್ರೋಹ. ಪತ್ರಿಕೆಗಳಷ್ಟೇ ಅಲ್ಲ, ಪಠ್ಯಪುಸ್ತಕಗಳೂ ರೋಗನಿರೋಧವನ್ನು ಕೋಟೆಯ ಕಾಳಗದಂತೆ ಬರೆಯುತ್ತವೆ: ಹೊರಗೆ ಶತ್ರು, ಒಳಗೆ ಸೈನಿಕ. ಆ ಬರವಣಿಗೆಯಲ್ಲಿ ಈ ಲೆಕ್ಟಿನ್ ಬಾಗಿಲು ತೆರೆದುಕೊಟ್ಟ ಕಾವಲುಗಾರನಾಗುತ್ತದೆ. ನನ್ನ ತಕರಾರು ಈ ಚಿತ್ರದ ಬಗ್ಗೆಯೇ. ಗುರುತು ಹಿಡಿಯುವುದನ್ನು ಅದು ತೀರ್ಪು ಕೊಡುವುದರೊಂದಿಗೆ ಬೆರೆಸಿಬಿಡುತ್ತದೆ. ಮ್ಯಾನೋಸ್ ಎಂಬ ಸಕ್ಕರೆಯಲ್ಲಿ ‘ಪರ’ ಎಂದು ಬರೆದಿಲ್ಲ, ‘ಸ್ವ’ ಎಂದೂ ಬರೆದಿಲ್ಲ. ಅದು ನಮ್ಮಲ್ಲೂ ಇದೆ, ಬ್ಯಾಕ್ಟೀರಿಯಾದಲ್ಲೂ ಇದೆ, ಯೀಸ್ಟಿನಲ್ಲೂ ಇದೆ. ಲೆಕ್ಟಿನ್ ಹಿಡಿಯುವುದು ಸಕ್ಕರೆಯನ್ನು. ಹಿಡಿದದ್ದು ಶತ್ರುವೋ ಅಲ್ಲವೋ ಎಂಬುದು ಆ ಹಿಡಿತದೊಳಗೆ ಇಲ್ಲ. ಅದು ಎಲ್ಲಿ ನಡೆಯಿತು, ಆ ಕ್ಷಣದಲ್ಲಿ ಸುತ್ತ ಬೇರೆ ಯಾವ ಸಂಕೇತಗಳಿದ್ದವು, ಮುಂದೆ ಏನಾಯಿತು ಎಂಬುದರಲ್ಲಿದೆ.

ಇದಕ್ಕೆ ಒಂದು ಗಟ್ಟಿಯಾದ ಆಕ್ಷೇಪ ಉಂಟು. ರೋಗ ತರುವ ಕ್ಷಯದ ಬ್ಯಾಕ್ಟೀರಿಯಾದ ಅಣುವಿನ ತುದಿಯಲ್ಲಿ ಮ್ಯಾನೋಸ್ ಇದೆ. ಅದೇ ಕುಲದ, ಬೇಗ ಬೆಳೆಯುವ, ಸಾಮಾನ್ಯವಾಗಿ ನಿರುಪದ್ರವಿಯಾದ ಸ್ಮೆಗ್ಮಾಟಿಸ್ ಬ್ಯಾಕ್ಟೀರಿಯಾದಲ್ಲಿ ಅದಿಲ್ಲ. ಹಾಗಾದರೆ ಇದು ವಿಕಾಸ ರೂಪಿಸಿದ ವೇಷವೇ ತಾನೆ, ಮೋಸ ಎಂದರೆ ತಪ್ಪೇನು ಎಂದು ಕೇಳಬಹುದು. ಈ ವ್ಯತ್ಯಾಸ ನಿಜ, ಅದನ್ನು ತಳ್ಳಿಹಾಕಲು ಬರುವುದಿಲ್ಲ. ಆದರೆ ಮೋಸದ ಕಥೆ ಪೂರ್ತಿ ನಿಜವಾಗಿದ್ದರೆ ಡಿಸಿ-ಸೈನ್ ಇರುವ ಪ್ರಾಣಿ ಕ್ಷಯದಿಂದ ಬೇಗ ಸಾಯಬೇಕಿತ್ತು. 2008ರಲ್ಲಿ ಮಾನವ ಡಿಸಿ-ಸೈನ್ ಇರುವಂತೆ ಮಾರ್ಪಡಿಸಿದ ಇಲಿಗಳಿಗೆ ಕ್ಷಯದ ಸೋಂಕು ತಗುಲಿಸಿ ನೋಡಿದರು. ಅವುಗಳ ಅಂಗಾಂಶಕ್ಕಾದ ಹಾನಿ ಕಡಿಮೆಯಿತ್ತು, ಅವು ಹೆಚ್ಚು ಕಾಲ ಬದುಕಿದವು. ಕೋಶದ ಕಾವು ತಗ್ಗಿಸಿದ ಅದೇ ಹಿಡಿತ ಶ್ವಾಸಕೋಶವನ್ನು ಉರಿಯೂತದ ಅತಿರೇಕದಿಂದಲೂ ಕಾಪಾಡಿತು ಎಂದು ಇದನ್ನು ಅರ್ಥಮಾಡಿಕೊಳ್ಳಬಹುದು. ಕ್ಷಯದಲ್ಲಿ ಶ್ವಾಸಕೋಶ ಟೊಳ್ಳಾಗುವುದಕ್ಕೆ ನಮ್ಮದೇ ರೋಗನಿರೋಧದ ಅಬ್ಬರವೂ ದೊಡ್ಡ ಕಾರಣ. ಒಂದೇ ಲೆಕ್ಟಿನ್, ಒಂದೇ ಸಕ್ಕರೆ. ಗಾಜಿನ ತಟ್ಟೆಯಲ್ಲಿ ಇಟ್ಟ ಕೋಶದಲ್ಲಿ ದ್ರೋಹದಂತೆ ಕಂಡದ್ದು ಇಡೀ ಮೈಯ ಲೆಕ್ಕದಲ್ಲಿ ರಕ್ಷಣೆಯಾಗಿತ್ತು.

ಗ್ಯಾಲೆಕ್ಟಿನ್ ಎಂಬ ಲೆಕ್ಟಿನ್ ಕುಟುಂಬದ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಗ್ಯಾಲೆಕ್ಟಿನ್-3 ಕೋಶದ ಹೊರಗಿದ್ದಾಗ ಮೆನಿಂಜೈಟಿಸ್ ಬ್ಯಾಕ್ಟೀರಿಯಾಕ್ಕೆ ಅಂಟಿಕೊಂಡು, ನುಂಗುವ ಕೋಶಗಳ ಜೊತೆ ಅದರ ಸಂಪರ್ಕವನ್ನು ಹೆಚ್ಚಿಸುತ್ತದೆ. ಅದೇ ಕುಟುಂಬದ ಗ್ಯಾಲೆಕ್ಟಿನ್-8 ಕೋಶದ ಒಳಗಿರುತ್ತದೆ. ಸಾಲ್ಮೊನೆಲ್ಲಾ ತಾನಿದ್ದ ಚೀಲವನ್ನು ಹರಿದಾಗ, ಚೀಲದ ಒಳಮೈಯಲ್ಲಿ ಅಡಗಿದ್ದ ನಮ್ಮದೇ ಸಕ್ಕರೆಗಳು ಹೊರಕ್ಕೆ ಕಾಣುತ್ತವೆ; ಗ್ಯಾಲೆಕ್ಟಿನ್-8 ಅವನ್ನು ಹಿಡಿದು, ಹರಿದ ಚೀಲವನ್ನು ಬ್ಯಾಕ್ಟೀರಿಯಾ ಸಮೇತ ಕರಗಿಸುವ ವ್ಯವಸ್ಥೆಯನ್ನು ಕರೆಯುತ್ತದೆ. 2012ರಲ್ಲಿ ಕೇಂಬ್ರಿಜ್‌ನಲ್ಲಿ ಕಂಡುಹಿಡಿದ ಸಂಗತಿಯಿದು. ಇಲ್ಲಿ ಲೆಕ್ಟಿನ್ ಬ್ಯಾಕ್ಟೀರಿಯಾವನ್ನು ನೋಡಿಯೇ ಇಲ್ಲ. ನಮ್ಮ ಸಕ್ಕರೆ ಇರಬಾರದ ಜಾಗದಲ್ಲಿ ಇದೆ ಎಂಬುದೇ ಅದಕ್ಕೆ ಎಚ್ಚರಿಕೆಯಾಯಿತು. ಸ್ವ, ಪರ ಎಂಬ ಗೆರೆ ಅಣುವಿನ ಮೇಲೆ ಎಳೆದದ್ದಾಗಿದ್ದರೆ ಈ ರಕ್ಷಣೆ ಸಾಧ್ಯವೇ ಆಗುತ್ತಿರಲಿಲ್ಲ.

ಹಾಗೆಂದು ಎಲ್ಲ ಲೆಕ್ಟಿನ್‌ಗಳನ್ನೂ ಮುಚ್ಚಿಬಿಡೋಣ ಎನ್ನುವಂತಿಲ್ಲ. ಸಕ್ಕರೆಯನ್ನು ಹಿಡಿಯದ ಮ್ಯಾಕ್ರೊಫೇಜ್‌ಗೆ ಕ್ಷಯದ ಒಂದು ದಾರಿ ತಪ್ಪೀತು. ಅದರ ಜೊತೆ ಶುಚಿ ಮಾಡುವ ನಿತ್ಯದ ಕೆಲಸವೂ ತಪ್ಪುತ್ತದೆ. ಬಳಸಿಕೊಳ್ಳಲು ಬಾರದಂಥ ತೆರವು ಜೀವಿಗಳಲ್ಲಿ ಇಲ್ಲ. ತೆರೆದಿರುವುದು ದೇಹದ ತಪ್ಪು ಎನ್ನುವವರು ಬದುಕಿರುವುದೇ ತಪ್ಪು ಎಂದಂತಾಗುತ್ತದೆ.

ಅಣುವಿನ ಮಟ್ಟದ ಈ ಮಾತಿಗಾಗಿ ಇಷ್ಟು ಜಗ್ಗಾಡುವುದೇಕೆ ಎಂದರೆ, ಕೋಟೆಯ ಚಿತ್ರ ರೋಗಾಣುವಿನ ಹತ್ತಿರ ನಿಲ್ಲುವುದಿಲ್ಲ. ಅದು ರೋಗಿಯ ಮೇಲೆ ಬಂದು ಕೂರುತ್ತದೆ. ಮಂಗಳೂರು ಇದನ್ನು ಬಲ್ಲ ಊರು. ಜರ್ಮನಿಯ ಜೆಸುಯಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಇಲ್ಲಿ ಹೋಮಿಯೋಪಥಿ ಔಷಧಾಲಯ ಆರಂಭಿಸಿದರು. 1890ರಲ್ಲಿ ಕಂಕನಾಡಿಯಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಹ್ಯಾನ್ಸನ್ ಕುಷ್ಠದ ಬ್ಯಾಕ್ಟೀರಿಯಾವನ್ನು ಗುರುತಿಸಿ ಆಗಲೇ 17 ವರ್ಷವಾಗಿತ್ತು, ಗುಣಪಡಿಸುವ ಔಷಧ ಮಾತ್ರ ಇರಲಿಲ್ಲ. ಆ ಹೊತ್ತಿನಲ್ಲಿ ಸೂರು, ಊಟ, ಗಾಯಕ್ಕೆ ಪಟ್ಟಿ ಇವೇ ಚಿಕಿತ್ಸೆ, ಮತ್ತು ಇವು ಸಣ್ಣ ಸಂಗತಿಗಳಾಗಿರಲಿಲ್ಲ. ಅದಾಗಿ ಎಂಟು ವರ್ಷಕ್ಕೆ, 1898ರಲ್ಲಿ, ಸರಕಾರ ತಂದ ಕುಷ್ಠರೋಗಿಗಳ ಕಾಯ್ದೆ ಬಡ ರೋಗಿಗಳನ್ನು ಹಿಡಿದು ಕೂಡಿಹಾಕುವ ಅಧಿಕಾರ ಕೊಟ್ಟಿತು. ಎರಡೂ ಗೋಡೆಗಳೇ, ಒಂದರೊಳಗೆ ರೋಗಿ ಆರೈಕೆಗೆಂದು ಇದ್ದ, ಇನ್ನೊಂದರೊಳಗೆ ಅಪರಾಧಿಯಂತೆ. ಹೆಚ್ಚಿನ ಜನರ ಮೈ ಕುಷ್ಠದ ಬ್ಯಾಕ್ಟೀರಿಯಾವನ್ನು ತಾನಾಗಿ ತಡೆಯುತ್ತದೆ, ಅದು ಸುಲಭವಾಗಿ ಹರಡುವ ರೋಗವಲ್ಲ ಎಂಬುದು ಗೊತ್ತಾದ ಮೇಲೂ ಆ ಕಾಯ್ದೆ ಪುಸ್ತಕದಲ್ಲಿ ಉಳಿಯಿತು. ಅದು ರದ್ದಾದದ್ದು 2016ರಲ್ಲಿ. ಗಂಡನಿಗೋ ಹೆಂಡತಿಗೋ ಕುಷ್ಠ ಇರುವುದು ವಿಚ್ಛೇದನಕ್ಕೆ ಕಾರಣ ಎಂಬ ನಿಯಮ ಹಿಂದೂ ವಿವಾಹ ಕಾಯ್ದೆಯಿಂದ ಹೋದದ್ದು 2019ರಲ್ಲಿ. ಬಹು ಔಷಧ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿ ಅಷ್ಟರಲ್ಲಿ ಸುಮಾರು ನಾಲ್ಕು ದಶಕ ಕಳೆದಿತ್ತು.

ಚರ್ಮದ ಮೇಲಿನ ಒಂದು ಮಚ್ಚೆಯ ಗುರುತು ಹಿಡಿದು, ಗುರುತನ್ನೇ ತೀರ್ಪು ಮಾಡಿಕೊಂಡ ಸಮಾಜವಿದು. ಲೆಕ್ಟಿನ್‌ಗೆ ಬೇರೆ ದಾರಿಯಿಲ್ಲ, ಹಿಡಿಯುವುದಷ್ಟೇ ಅದಕ್ಕೆ ಗೊತ್ತು. ನಮಗೆ ನಿಂತು ಕೇಳುವ ಅವಕಾಶವಿತ್ತು. ಈಗಲೂ ಇದೆ. ಚಿಕಿತ್ಸೆ ಶುರುವಾದ ಸ್ವಲ್ಪ ಕಾಲದಲ್ಲೇ ರೋಗಿಯಿಂದ ಇನ್ನೊಬ್ಬರಿಗೆ ಹರಡುವುದು ನಿಲ್ಲುತ್ತದೆ, ಔಷಧ ಸರಕಾರಿ ಆಸ್ಪತ್ರೆಯಲ್ಲಿ ಉಚಿತ. ಆದರೂ ಸ್ಪರ್ಶಜ್ಞಾನವಿಲ್ಲದ ಬಿಳಿಚು ಮಚ್ಚೆಯನ್ನು ಸೆರಗಿನಲ್ಲೋ ಉದ್ದ ತೋಳಿನ ಅಂಗಿಯಲ್ಲೋ ಮುಚ್ಚಿಕೊಂಡು ತಿಂಗಳುಗಟ್ಟಲೆ ತಡಮಾಡುವವರಿದ್ದಾರೆ. ಆ ತಿಂಗಳುಗಳಲ್ಲಿ ಬ್ಯಾಕ್ಟೀರಿಯಾ ನರದೊಳಗೆ ಕೆಲಸ ಮಾಡುತ್ತಿರುತ್ತದೆ. ಮಾತ್ರೆ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಪೂರ್ತಿ ಸತ್ತುಹೋದ ನರವನ್ನು ಅದು ಮರಳಿ ತರಲಾರದು.