ಸಿಪ್ಪೆಯ ಬಣ್ಣ ಬೇರೆ, ತಿರುಳಿನ ರುಚಿ ಬೇರೆ



ಬೆಟ್ಟ ಹತ್ತುವ ಮುಂಚೆ ಎಲ್ಲರೂ ಕೆಳಗೆ ಚಪ್ಪಲಿ ಬಿಟ್ಟು ಬರುತ್ತಾರೆ. ಬೆಲೆಬಾಳುವ ಬೂಟು, ಉಂಗುಟ ಕಿತ್ತ ಚಪ್ಪಲಿ ಎರಡೂ ಒಂದೇ ಕಡೆ ಬಿದ್ದಿರುತ್ತವೆ. ದೇವರು ಅದನ್ನು ಕೇಳುವುದಿಲ್ಲ. ಆದರೆ ಪಾಳಿಯಲ್ಲಿ ನಿಂತ ಮನುಷ್ಯ ನೋಡುತ್ತಾನೆ. ಪಕ್ಕದವನ ಧೋತರ ಮಾಸಿದ್ದರೆ ದೂರ ಸರಿಯುತ್ತಾನೆ. ಇಸ್ತ್ರಿ ಅಂಗಿಯವರು ಬಂದರೆ "ಬರ್ರಿ ಸಾಹೇಬ್ರ, ಮುಂದ ಬರ್ರಿ" ಅನ್ನುತ್ತಾನೆ. ಒಳಗಿನ ಗುಣ ಯಾರಿಗೆ ಕಂಡಿತು?

ಕಮಲಾಪುರದ ಕೆಂಪು ಬಾಳೆಹಣ್ಣು ಕಲಬುರಗಿ ಸೀಮೆಯವರಿಗೆ ಗೊತ್ತಿದ್ದದ್ದೇ. ಜಿ.ಐ. ಮಾನ್ಯತೆ ಪಡೆದ ಹಣ್ಣು ಅದು. ಮೊದಲ ಸಲ ನೋಡಿದವರು ಒಳಗೂ ಕೆಂಪೇ ಇದ್ದೀತು ಅಂದುಕೊಳ್ಳಬಹುದು. ಸಿಪ್ಪೆ ಸುಲಿದರೆ ಕೆನೆಬಣ್ಣದ ತಿರುಳು, ಸಕ್ಕರೆಯಂಥ ಸಿಹಿ. ಹಣ್ಣನ್ನಾದರೆ ಸುಲಿದು ನೋಡುತ್ತೇವೆ. ಮನುಷ್ಯನನ್ನು ಸಿಪ್ಪೆ ನೋಡಿಯೇ ತೀರ್ಮಾನ ಮಾಡಿಬಿಡುತ್ತೇವೆ.

ಅದೇ ಕಮಲಾಪುರ ದಾಟಿ ಹುಮನಾಬಾದ್ ಕಡೆ ಹೋದರೆ ಬಸವಕಲ್ಯಾಣಕ್ಕೆ ದಾರಿ. 12ನೇ ಶತಮಾನದಲ್ಲಿ ಅಲ್ಲಿ ಹರಳಯ್ಯನೆಂಬ ಶರಣನಿದ್ದ. ಕಾಯಕ ಚಪ್ಪಲಿ ಹೊಲಿಯುವುದು. ಒಮ್ಮೆ ಆತ ಬಸವಣ್ಣನವರಿಗೆ "ಶರಣು" ಅಂದ. ಅವರು "ಶರಣು ಶರಣಾರ್ಥಿ" ಅಂದರು. ಒಂದಕ್ಕೆ ಎರಡು ಶರಣು ಬಂತಲ್ಲ, ಈ ಋಣ ಹೇಗೆ ತೀರಿಸಲಿ ಎಂದು ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿ ತಂದರೆಂದು ಭಕ್ತರು ಹೇಳುತ್ತಾ ಬಂದಿದ್ದಾರೆ. ಊರಿಗೆ ಕಂಡದ್ದು ಬರೀ ಚಪ್ಪಲಿ. ಬಸವಣ್ಣನವರು ಅದನ್ನು ಕಾಲಿಗೆ ಹಾಕದೆ ತಲೆಯ ಮೇಲೆ ಹೊತ್ತರು.

ಮುಂದೆ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆಯಾಯಿತು. ಬಿಜ್ಜಳನ ಆಸ್ಥಾನ ನೋಡಿದ್ದು ಜಾತಿಯನ್ನು ಮಾತ್ರ. ಬೀಗರಿಬ್ಬರಿಗೂ ಎಳೆಹೂಟೆಯ ಶಿಕ್ಷೆಯಾಗಿ ಪ್ರಾಣ ಹೋಯಿತು. ಹೊರಗಿನದನ್ನಷ್ಟೇ ನೋಡುವ ಕಣ್ಣು ಎಷ್ಟು ದೊಡ್ಡ ಪಾಪ ಮಾಡಿಸುತ್ತದೆ ನೋಡ್ರಿ.

ಕಲಬುರಗಿಯ ಶರಣಬಸವೇಶ್ವರರು ಅರಳಗುಂಡಗಿಯಲ್ಲಿ ಒಕ್ಕಲುತನ ಮಾಡುತ್ತಿದ್ದವರು. ಹೊಲಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ, ತಿನ್ನಲಿ ಎಂದು ಬಿಟ್ಟು ಕುಡಿಯಲು ನೀರನ್ನೂ ಇಟ್ಟರೆಂಬ ಕಥೆ ಮನೆಮಾತಾಗಿದೆ. ದಾರಿಹೋಕರ ಕಣ್ಣಿಗೆ ಅದು ಹುಚ್ಚಿನಂತೆ ಕಂಡಿರಬಹುದು. ಒಳಗಿದ್ದದ್ದು ದಾಸೋಹ ಭಾವ. ಕಲಬುರಗಿಗೆ ಬಂದ ಮೇಲೂ ಹಸಿದು ಬಂದವರ ಜಾತಿ ಕೇಳದೆ ಉಣಬಡಿಸಿದರು. 1822ರಲ್ಲಿ ಲಿಂಗೈಕ್ಯರಾದರು. ಇಂದಿಗೂ ಅವರ ತೇರು ಎಳೆಯಲು ಲಕ್ಷಾಂತರ ಜನ ಸೇರುತ್ತಾರೆ.

ಹಾಗಂತ ಮಾಸಿದ ಬಟ್ಟೆಯವರೆಲ್ಲ ಒಳ್ಳೆಯವರು, ಚೆಂದ ಉಟ್ಟವರೆಲ್ಲ ಕೆಟ್ಟವರು ಅಂತ ತಿಳಿಯಬಾರದು. ಅದೂ ಸಿಪ್ಪೆ ನೋಡಿದಂತೆಯೇ. ಕಾವಿ ಉಟ್ಟಿದ್ದಾರೆಂದು ಗುರುತಿಲ್ಲದವರ ಕೈಗೆ ಬಂಗಾರ, ಹಣ ಕೊಟ್ಟು ಅತ್ತವರೂ ಇದ್ದಾರೆ. ಗುಣ ತಿಳಿಯುವುದು ನಡತೆಯಿಂದ. ಅದಕ್ಕೆ ನಾಲ್ಕು ದಿನ ಬೇಕು. ಹಸಿದವರಿಗೆ ಊಟ ಕೊಡಲು ಮಾತ್ರ ಯಾವ ಪರೀಕ್ಷೆಯೂ ಬೇಡ.

ಆದ್ದರಿಂದ ಇಂದು ಪ್ರಸಾದಕ್ಕೆ ಕೂತಾಗ ಪಕ್ಕದವರು ಯಾರೇ ಇರಲಿ, ಎದ್ದು ಬೇರೆ ಕಡೆ ಹೋಗಬೇಡಿ. "ಯಾವೂರ್ರಿ, ಊಟ ಸರಿ ಮಾಡ್ರಿ" ಎಂದು ಒಂದು ಮಾತು ಕೇಳಿರಿ. ಹಣೆಯ ವಿಭೂತಿಯನ್ನು ಕನ್ನಡಿಯಲ್ಲಿ ನೋಡಿಕೊಳ್ಳುವಾಗ, ಮನಸ್ಸು ಅಷ್ಟೇ ಬೆಳ್ಳಗಿದೆಯೇ ಎಂದೂ ಕೇಳಿಕೊಳ್ಳಿರಿ.