ನಿರೀಕ್ಷೆಯನ್ನು ಕ್ರಯಕ್ಕೆ ಕೊಡಬಹುದೋ?

ಸಂಡೂರಿನ ಅದಿರಿನ ಲಾರಿಗಳೂ ಹಂಪೆಯನ್ನು ನೋಡಹೋಗುವವರ ವಾಹನಗಳೂ ಹೊಸಪೇಟೆಯ ಹೆದ್ದಾರಿಗಳಲ್ಲಿ ಹಗಲಿರುಳು ಓಡುತ್ತವೆ. ಅವುಗಳ ನಡುವೆ ಹೆಲ್ಮೆಟ್ ಇಲ್ಲದೆ ಬೈಕಿನಿಂದ ಬಿದ್ದು, ಪ್ರಾಣ ಉಳಿದರೂ ಮಾತನ್ನೂ ಕೈಕಾಲುಗಳ ಬಲವನ್ನೂ ಕಳಕೊಂಡ ಯೌವನಸ್ಥರು ಉಂಟು. ಅಂಥವನ ತಂದೆಯ ಬಳಿಗೆ ಒಬ್ಬನು ಬಂದು, "ಸ್ಟೆಮ್ ಸೆಲ್ ಅಂದರೆ ಆಕರಕೋಶಗಳನ್ನು ಹಾಕಿಸಿದರೆ ನಿಮ್ಮ ಮಗನು ಎದ್ದು ನಡೆಯುವನು, ಹಣ ಸಿದ್ಧಮಾಡಿರಿ" ಎಂದರೆ, ಕಂಪ್ಲಿಯ ಭತ್ತದ ಗದ್ದೆಯನ್ನು ಮಾರುವದು ಪ್ರೀತಿಯೋ? ಮಾರದಿರುವದು ಪ್ರೀತಿಯ ಕೊರತೆಯೋ? ಇದನ್ನು ವಿಚಾರಿಸೋಣ.

ಮೊದಲು ಸಂಗತಿಯನ್ನು ತಿಳುಕೊಳ್ಳಬೇಕು. ಗಾಯವಾದ ಚರ್ಮವು ತಿರಿಗಿ ಬೆಳೆಯುತ್ತದೆ. ಮಿದುಳಿನಲ್ಲಿ ಸತ್ತ ನರಕೋಶಗಳಾದರೋ ಬಹುಮಟ್ಟಿಗೆ ತಿರಿಗಿ ಹುಟ್ಟುವದಿಲ್ಲ. ಆಕರಕೋಶವೆಂಬದು ಬೇರೆ ವಿಧದ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶವು. ಅದರಿಂದ ಮಿದುಳಿಗೆ ಸಹಾಯವಾದೀತೋ ಎಂದು ಪಂಡಿತರು ಶೋಧಿಸುತ್ತಿರುವದು ಸತ್ಯವೇ. 2021ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ 46 ರೋಗಿಗಳ ಮಿದುಳಿನೊಳಗೆ ಅಂಥ ಕೋಶಗಳನ್ನು ಸೇರಿಸಿದರು. 15 ಮಂದಿಗೆ ತೋರಿಕೆಯ ಶಸ್ತ್ರಕ್ರಿಯೆಯನ್ನು ಮಾತ್ರ ಮಾಡಿದರು. ಆರು ತಿಂಗಳಾದ ಮೇಲೆ ಮೊದಲಿನವರ ಚಲನೆಯು ಹೆಚ್ಚು ಸುಧಾರಿಸಿತು. ಆದರೆ ಏನನ್ನೂ ಹೊಂದದವರಲ್ಲಿಯೂ ಸ್ವಲ್ಪ ಸುಧಾರಣೆ ಕಂಡಿತು. ಆದಕಾರಣ "ಒಬ್ಬನಿಗೆ ಗುಣವಾಯಿತು" ಎಂಬ ಸಾಕ್ಷಿಯೊಂದೇ ಸಾಲದು. 2024ರಲ್ಲಿ ಜಪಾನ್ ಸರಕಾರವು ಆ ಔಷಧಕ್ಕೆ ಷರತ್ತುಗಳುಳ್ಳ ಒಪ್ಪಿಗೆಯನ್ನು ಮಾತ್ರ ಕೊಟ್ಟಿತು. ನಮ್ಮ ದೇಶದಲ್ಲಿಯಾದರೋ, ಕೆಲವು ರಕ್ತರೋಗ ಮೊದಲಾದವುಗಳ ಹೊರತು, ಒಪ್ಪಿಗೆ ಪಡೆದ ಪರೀಕ್ಷೆಯ ಹೊರಗೆ ಆಕರಕೋಶಗಳನ್ನು ರೋಗಿಗೆ ಕೊಡುವದು ನೀತಿಗೆ ವಿರುದ್ಧವೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನಿಯಮಗಳು ಹೇಳುತ್ತವೆ.

"ಬೇರೆ ದಾರಿಯಿಲ್ಲದವನಿಗೆ ನಷ್ಟವೇನು?" ಎಂದು ಕೆಲವರು ಕೇಳುವರು. ನಷ್ಟವುಂಟು. ಆ ಗದ್ದೆಯೇ ರೋಗಿಯನ್ನು ಜೀವಮಾನವೆಲ್ಲಾ ಸಾಕತಕ್ಕದ್ದು. ಮಾತಾಡಲಾರದವನು ತನ್ನ ದೇಹದ ವಿಷಯದಲ್ಲಿ ಒಪ್ಪಿಗೆ ಕೊಡಲಾರದ ಸ್ಥಿತಿಯಲ್ಲಿರಬಹುದು. ಅವನ ಪರವಾಗಿ ಒಪ್ಪುವವರು ತಮ್ಮ ದುಃಖವನ್ನು ಶಮನಮಾಡುವದಕ್ಕಲ್ಲ, ಅವನ ಹಿತಕ್ಕಾಗಿಯೇ ಒಪ್ಪಬೇಕು. ಇದಲ್ಲದೆ, ಪರೀಕ್ಷೆಗೆ ಬರುವವನು ತನ್ನ ದೇಹವನ್ನೇ ಕೊಡುತ್ತಾನೆ. ಅವನಿಂದ ಹಣವನ್ನೂ ಕೇಳುವದು ನ್ಯಾಯವಲ್ಲ. ಬೀಜ ಮೊಳೆಯುವದೋ ಇಲ್ಲವೋ ಎಂದು ತಿಳಿಯದೆ ಬೆಳೆಯ ಕ್ರಯವನ್ನು ತಕ್ಕೊಳ್ಳುವ ವರ್ತಕನನ್ನು ನಮ್ಮ ರೈತರು ಏನೆಂದು ಕರೆದಾರು?

ಹಾಗಾದರೆ ಕೈಕಟ್ಟಿ ಕೂಡ್ರಬೇಕೋ? ಹಾಗಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಆಸ್ಪತ್ರೆಯಲ್ಲಿ ನಿಜವಾದ ಸ್ಥಿತಿಯನ್ನು ಕೇಳಿ ತಿಳಿಯಬೇಕು. ದಿನಾಲು ಕೈಕಾಲುಗಳನ್ನು ಆಡಿಸುವದು, ಮಾತನ್ನು ಮಗುವಿಗೆ ಕಲಿಸಿದಂತೆ ಕಲಿಸುವದು, ಮೈಗೆ ಹುಣ್ಣಾಗದಂತೆ ಮಗ್ಗುಲು ಬದಲಿಸುವದು, ಇವು ಸಣ್ಣ ಕೆಲಸಗಳಲ್ಲ. ದಣಿದ ತಾಯಿಗೆ ಒಂದು ರಾತ್ರಿಯ ನಿದ್ರೆ ದೊರಕುವಂತೆ ನೆರೆಯವರು ಸರದಿಯಿಂದ ಕಾವಲು ಕೂತರೆ, ಗದ್ದೆ ಮಾರಿ ಕೊಂಡದ್ದಕ್ಕಿಂತ ಅದು ಹೆಚ್ಚಾದೀತು.

ಈಗಾಗಲೇ ಗದ್ದೆಯನ್ನು ಮಾರಿದ ತಂದೆಯನ್ನು ಯಾರೂ ನಿಂದಿಸದಿರಲಿ. ತಪ್ಪು ನಂಬಿದವನದಲ್ಲ, ನಂಬಿಸಿದವನದು. ಶೋಧನೆ ನಡೆಯಲಿ, ನಿರೀಕ್ಷೆಯೂ ಇರಲಿ; ಆದರೆ ಸತ್ಯವನ್ನು ಬಿಟ್ಟ ನಿರೀಕ್ಷೆಯನ್ನು ಬಡವನಿಗೆ ಮಾರುವದು ಕರುಣೆಯಲ್ಲ.