ದೇವರ ಪೆಟ್ಟಿಗೆಗೆ ಯಾರ ಹೆಗಲು?

2024ರ ಮಾರ್ಚ್ 22, ಬೆಳಿಗ್ಗೆ 7 ಗಂಟೆ ದಾಟಿದ ಹೊತ್ತು. ಚಳ್ಳಕೆರೆ ತಾಲ್ಲೂಕಿನ ಬಯಲಿನ ಮೇಲೆ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ರೆಕ್ಕೆಯುಳ್ಳ ವಾಹನವೊಂದನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಕೈಬಿಟ್ಟಿತು. ಅದರೊಳಗೆ ಚಾಲಕನಿರಲಿಲ್ಲ. ಗಾಳಿಯಲ್ಲಿ ತನ್ನ ದಾರಿಯನ್ನು ತಾನೇ ಸರಿಪಡಿಸಿಕೊಂಡು, ರನ್‌ವೇಗೆ ಇಳಿದು, ಓಡಿ ನಿಂತಿತು. ಇಸ್ರೊ ಅದಕ್ಕಿಟ್ಟ ಹೆಸರು ಪುಷ್ಪಕ್.

ಪಕ್ಕದ ಮೊಳಕಾಲ್ಮುರು ತಾಲ್ಲೂಕಿನಲ್ಲಿ ಜಟಿಂಗ ರಾಮೇಶ್ವರ ಬೆಟ್ಟವಿದೆ. ಸೀತೆಯನ್ನು ಹೊತ್ತೊಯ್ಯುತ್ತಿದ್ದ ರಾವಣನನ್ನು ತಡೆದ ಜಟಾಯು ರೆಕ್ಕೆ ಕತ್ತರಿಸಿಕೊಂಡು ಬಿದ್ದದ್ದು ಇಲ್ಲೇ ಎಂದು ಸುತ್ತಲ ಊರಿನವರು ನಂಬುತ್ತಾರೆ. ಒಂದು ಕಡೆ ಹಳೆಯ ವಿಮಾನದ ಕಥೆ, ಇನ್ನೊಂದು ಕಡೆ ಹೊಸ ಪುಷ್ಪಕ. ಎರಡರ ನಡುವೆ ಕುರಿ ಮೇಯಿಸುವವರು, ಶೇಂಗಾ ಬಿತ್ತುವವರು, ಕಂಬಳಿ ನೇಯುವವರು, ರೇಷ್ಮೆ ಸೀರೆ ನೇಯುವವರು. ಕಲ್ಪನಾಕಥೆಗಳನ್ನು ಓದುವ ಮಕ್ಕಳು ಕೇಳುವ ಪ್ರಶ್ನೆಯೊಂದಕ್ಕೆ ಇದಕ್ಕಿಂತ ತಕ್ಕ ಜಾಗ ಸಿಗದು: ಮಾಯದ ವಸ್ತು ಇದ್ದರೆ ಅದನ್ನು ಯಾರು ಬೇಕಾದರೂ ಬಳಸಬಹುದೇ? ಅದಕ್ಕೆ ರಾಜನ ರಕ್ತವೋ ಋಷಿಯ ತಪಸ್ಸೋ ಬೇಕೇ?

ರಾಮಾಯಣದ ಪುಷ್ಪಕ ಈ ವಿಷಯದಲ್ಲಿ ನಿರ್ದಾಕ್ಷಿಣ್ಯವಾದ ವಸ್ತು. ಅದು ಕುಬೇರನದು. ರಾವಣ ಕಿತ್ತುಕೊಂಡ, ಅವನಿಗೂ ಹಾರಿತು. ಯುದ್ಧ ಮುಗಿದ ಮೇಲೆ ರಾಮನಿಗೂ ಹಾರಿತು, ಕೊನೆಗೆ ಕುಬೇರನಲ್ಲಿಗೇ ಮರಳಿತು. ಒಡೆಯ ಒಳ್ಳೆಯವನೋ ಕೆಟ್ಟವನೋ ಎಂದು ವಿಮಾನ ನೋಡಲಿಲ್ಲ. ಕಪಿಗಳೆಲ್ಲ ಅದರಲ್ಲಿ ಕೂತು ಅಯೋಧ್ಯೆಗೆ ಬಂದರು, ಆದರೆ ಹೋಗೆಂದರೆ ಹೋಗುವುದು ಒಬ್ಬನ ಮಾತಿಗೆ ಮಾತ್ರ. ಏರಿ ಕೂರುವುದು ಬೇರೆ, ಆಳುವುದು ಬೇರೆ.

ವಿಕ್ರಮಾದಿತ್ಯನ ಸಿಂಹಾಸನದ ಕಥೆಯ ದಾರಿಯೇ ಬೇರೆ. ಬತ್ತೀಸ ಪುತ್ಥಳಿಯ ಕಥೆಯಾಗಿ ಕನ್ನಡದಲ್ಲೂ ಬಳಕೆಯಲ್ಲಿರುವ ಇದರ ಜನಪ್ರಿಯ ಪಾಠವೊಂದರಲ್ಲಿ, ಸಿಂಹಾಸನ ಹೂತುಹೋದ ದಿಬ್ಬದ ಮೇಲೆ ದನ ಕಾಯುವ ಹುಡುಗನೊಬ್ಬ ಕೂರುತ್ತಾನೆ. ಕೂತಷ್ಟು ಹೊತ್ತು ಅವನ ಬಾಯಲ್ಲಿ ತಪ್ಪದ ನ್ಯಾಯ. ಇಳಿದರೆ ಮತ್ತೆ ಅದೇ ದನಗಾಹಿ. ಸುದ್ದಿ ಕೇಳಿದ ಭೋಜರಾಜ ದಿಬ್ಬ ಅಗೆಸಿ ಸಿಂಹಾಸನವನ್ನು ಅರಮನೆಗೆ ಒಯ್ದು ಹತ್ತಹೋದಾಗ 32 ಗೊಂಬೆಗಳು ಒಂದೊಂದಾಗಿ ತಡೆಯುತ್ತವೆ. ವಿಕ್ರಮನಷ್ಟು ಔದಾರ್ಯ ನಿನಗಿದೆಯೇ ಎಂಬುದೇ ಅವುಗಳ ಪ್ರಶ್ನೆ. ದನಗಾಹಿಗೆ ಕೇಳದ ಪ್ರಶ್ನೆ ರಾಜನಿಗೇಕೆ? ಹುಡುಗನಿಗೆ ತಾನು ಕೂತದ್ದು ಏನೆಂದೇ ಗೊತ್ತಿರಲಿಲ್ಲ. ರಾಜ ಅದು ತನ್ನದಾಗಲಿ ಎಂದು ಬಂದಿದ್ದ. ಇಂಗ್ಲಿಷಿನಲ್ಲಿ ಟೋಲ್ಕಿನ್ 1954–55ರಲ್ಲಿ ಪ್ರಕಟಿಸಿದ ‘ಲಾರ್ಡ್ ಆಫ್ ದಿ ರಿಂಗ್ಸ್’ ಕಾದಂಬರಿಯಲ್ಲೂ ಮಹಾಮಾಂತ್ರಿಕನು ತನ್ನದಾಗಿಸಿಕೊಳ್ಳಲು ಹೆದರುವ ಉಂಗುರವನ್ನು ಹೊರುವವನು ಮೂರಡಿ ಎತ್ತರದ, ಹೊಲ-ತೋಟದ ಊರಿನ ಒಬ್ಬ ಕುಳ್ಳ.

ಕಥೆಗಳನ್ನು ಬಿಟ್ಟು ಹಟ್ಟಿಗಳಿಗೆ ಬಂದರೆ ಪ್ರಶ್ನೆ ಇನ್ನಷ್ಟು ಗಟ್ಟಿಯಾಗುತ್ತದೆ. ಈ ಎರಡು ತಾಲ್ಲೂಕುಗಳ ಮ್ಯಾಸಬೇಡರದು ಪೆಟ್ಟಿಗೆ ದೇವರು. ಕಲ್ಲಿನ ಗರ್ಭಗುಡಿಯಲ್ಲಿ ನೆಲೆನಿಂತ ದೇವರಲ್ಲ, ದನದ ಹಿಂದೆ ಊರೂರು ಅಲೆದವರ ಜೊತೆ ತಾನೂ ಅಲೆದ ದೇವರು. ದೇವರ ಸಾಮಾನು ಪೆಟ್ಟಿಗೆಯಲ್ಲಿರುತ್ತದೆ, ಪೆಟ್ಟಿಗೆ ಮನುಷ್ಯರ ಹೆಗಲ ಮೇಲೆ ಗಂಗಾಪೂಜೆಗೆ ಹೋಗಿಬರುತ್ತದೆ. ಗಾದ್ರಿಪಾಲನಾಯಕ, ಜಗಲೂರು ಪಾಪನಾಯಕ, ಬೋರೆದೇವರು ಮುಂತಾದ ಹೆಸರುಗಳ ಹಿಂದೆಲ್ಲ ದನ ಕಾದ ಕಥೆ, ಕಾಡು ಅಲೆದ ಕಥೆ ಇದೆ. ಇವರಲ್ಲಿ ಅನೇಕರು ಮೊದಲು ಮನುಷ್ಯರು, ಆಮೇಲೆ ದೇವರು.

ಇವರ ದೇವರ ಎತ್ತುಗಳ ಮಾತೂ ಹೀಗೆಯೇ. ಅವನ್ನು ನೇಗಿಲಿಗೆ ಹೂಡುವುದಿಲ್ಲ, ಗಾಡಿಗೆ ಕಟ್ಟುವುದಿಲ್ಲ, ಸಂತೆಗೆ ಒಯ್ಯುವುದಿಲ್ಲ. ಅವುಗಳನ್ನು ಕಾಯುವವನು ಕಿಲಾರಿ. ಹಿಂಡಿನ ಜೊತೆ ಬಿಸಿಲಲ್ಲಿ ಅಲೆದು, ಬರಗಾಲದಲ್ಲಿ ಮೇವಿಗೆ ಊರೂರು ತಿರುಗುವ ಬಡವ. ದೇವರ ಸೊತ್ತಿನ ಮೇಲೆ ಅವನಿಗಿರುವುದು ಹಕ್ಕಲ್ಲ, ಹೊಣೆ. ಇದನ್ನು ಹಟ್ಟಿಯವರು ನೇಮ ಎನ್ನುತ್ತಾರೆ, ಮೀಸಲು ಎನ್ನುತ್ತಾರೆ. ‘ಈ ವಸ್ತುವಿನಿಂದ ನನಗೇನು ಸಿಗುತ್ತದೆ’ ಎಂದು ಕೇಳುವವನು ಈ ಮಾತುಗಳ ಹೊರಗೇ ನಿಲ್ಲುತ್ತಾನೆ. ಮಾಯದ ವಸ್ತುವನ್ನು ‘ಬಳಸುವುದು’ ಎಂಬ ಮಾತೇ ಇಲ್ಲಿ ಹೊಂದುವುದಿಲ್ಲ.

ಕಾಡುಗೊಲ್ಲರ ಕ್ಯಾತೇದೇವರ ಪರಿಷೆಯಲ್ಲಿ ನೇಮ ಮೈಮೇಲೇ ಬರುತ್ತದೆ. ಚಳ್ಳಕೆರೆ ತಾಲ್ಲೂಕಿನ ಚನ್ನಮ್ಮನಾಗತಿಹಳ್ಳಿ ಸೀಮೆಯಲ್ಲಿ ಬಾರೆ ಮುಳ್ಳು ತಂದು ದೇವರಿಗೆ ಗುಡಿ ಕಟ್ಟುತ್ತಾರೆ, ಅದರ ತುದಿಯಲ್ಲಿ ಕಳಶ. ವ್ರತ ಹಿಡಿದ ಈರಗಾರರು ಬರಿಗಾಲಲ್ಲಿ, ಬರಿಮೈಯಲ್ಲಿ ಆ ಮುಳ್ಳಿನ ಮೇಲೆ ಹಾರಿ, ಹತ್ತಿ, ಕಳಶ ಕೀಳುತ್ತಾರೆ. ನೋಡುವವರಿಗೆ ಅದು ಪವಾಡ. ಹತ್ತಿದವರು ಮರುದಿನ ಕುರಿ ಹೊಡೆದುಕೊಂಡು ಹೋಗುವ ಹುಡುಗರು. ಟಿ.ಎನ್. ಶಂಕರನಾರಾಯಣ, ಮೀರಾಸಾಬಿಹಳ್ಳಿ ಶಿವಣ್ಣ ಅವರಂಥ ವಿದ್ವಾಂಸರು ಈ ಬದುಕನ್ನು ಹಟ್ಟಿಗಳಲ್ಲೇ ಕೇಳಿ, ಕಂಡು ಬರೆದಿಟ್ಟದ್ದು ಕನ್ನಡದ ದೊಡ್ಡ ಭಾಗ್ಯ. ಹಾಗೆಯೇ ಕಾಡುಗೊಲ್ಲರ ವೀರ ಜುಂಜಪ್ಪನ ಗಣೆ. ದನ ಕಾದವನ ಕೈಯ ಉದ್ದನೆಯ ಬಿದಿರು ಕೊಳಲು, ಇಂದಿಗೂ ಗಣೆಗಾರರು ಅದನ್ನು ಊದುತ್ತ, ನಿಲ್ಲಿಸಿ ಹಾಡುತ್ತ ಅವನ ಕಥೆ ಹೇಳುತ್ತಾರೆ. ಗದ್ದಿಗೆಗೆ ಹಾಸುವ ಕರಿಕಂಬಳಿಯನ್ನೇ ನೋಡಿ: ಚಳಿಗೆ ಹೊದ್ದದ್ದೂ ಅದೇ, ದೇವರು ಕೂರುವುದೂ ಅದರ ಮೇಲೇ. ಇಲ್ಲಿ ಮಾಯದ ವಸ್ತು ಸಾಮಾನ್ಯನ ಕೈಗೆ ಮೇಲಿನಿಂದ ಬಿದ್ದದ್ದಲ್ಲ. ಅವನ ಕೈಯಲ್ಲಿದ್ದ ವಸ್ತುವೇ ದೇವರ ಬಳಿಗೆ ಹೋಯಿತು.

ಆದರೆ ನೇಮವನ್ನು ಹೊಗಳಿ ಸುಮ್ಮನಾಗುವಂತಿಲ್ಲ. ಪೆಟ್ಟಿಗೆ ಹೊರುವ ಹೆಗಲು ಯಾವ ಕುಲದ್ದೆಂಬುದು ಮೊದಲೇ ಗೊತ್ತಾಗಿರುತ್ತದೆ, ಮುಳ್ಳು ಹತ್ತುವ ಕಾಲುಗಳೂ ಹಾಗೆಯೇ. ಹೆಣ್ಣಿನ ಪಾಲಿಗಂತೂ ನೇಮ ಎಂದರೆ ಎಷ್ಟೋ ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದಾಗ, ಹೆತ್ತಾಗ ಹಟ್ಟಿಯಿಂದ ಹೊರಗಿರುವುದು. 2023ರ ಮಳೆಗಾಲದಲ್ಲಿ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರ ಹೊರಗಿನ ಗುಡಿಸಲಲ್ಲಿ ಬಾಣಂತಿಯ ಜೊತೆಗಿದ್ದ ಹಸುಗೂಸು ಸತ್ತಿತು. ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳ ವಿರುದ್ಧದ ಕಾಯ್ದೆ ಇಂಥ ಬಲವಂತದ ಹೊರಗಿಡುವಿಕೆಯನ್ನು ಅಪರಾಧವೆನ್ನುತ್ತದೆ. ದೇವರ ಸೊತ್ತಿನ ಮೀಸಲು ಕಾಯಲು ಒಂದು ಕೂಸು ಚಳಿಯಲ್ಲಿ ಮಲಗಬೇಕೆಂದರೆ ಆ ಮೀಸಲು ಮುರಿಯಬೇಕಾದದ್ದೇ. ತಮ್ಮ ವೀರರಾದ ಜುಂಜಪ್ಪ, ಎತ್ತಪ್ಪ, ಕ್ಯಾತಪ್ಪ ದನಕರುಗಳ ಜೀವ ಕಾಯಲು ಹೊರಟವರೆಂದು ಹಾಡುವ ಕುಲಕ್ಕೆ ಇದು ಹೊರಗಿನವರು ಹೇಳಿಕೊಡಬೇಕಾದ ಮಾತಲ್ಲ.

ಹೊರಗಿಟ್ಟ ಹೆಣ್ಣುಮಕ್ಕಳೇ ಕುಲದ ನೆನಪನ್ನೂ ಹೊತ್ತವರು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಸಾವಿರಾರು ಪದಗಳನ್ನು ಬಾಯಲ್ಲೇ ಇಟ್ಟುಕೊಂಡಿದ್ದರು. ಕೃಷ್ಣಮೂರ್ತಿ ಹನೂರು ಅವನ್ನು ಕೇಳಿ ಬರೆದುಕೊಂಡು ಪುಸ್ತಕವಾಗಿಸಿದರು. ಆ ನೆನಪಿಗೆ ಯಾವ ಗುಡಿಯ ಅಪ್ಪಣೆಯೂ ಬೇಕಾಗಿರಲಿಲ್ಲ.

ಎ.ಕೆ. ರಾಮಾನುಜನ್ ಕರ್ನಾಟಕದಲ್ಲಿ ಕೇಳಿ ಲೋಕಕ್ಕೆ ತಿಳಿಸಿದ ಹೂಮರವಾಗುವ ಹುಡುಗಿಯ ಕಥೆಯನ್ನೂ ಇಲ್ಲಿ ನೆನೆಯಬೇಕು. ಅದರಲ್ಲಿ ಮಾಯಕ್ಕೆ ಬೇಕಾದದ್ದು ಎರಡು ಕೊಡ ನೀರು, ಅಷ್ಟೇ. ಉಗುರು ತಾಕದಂತೆ ಒಂದು ಕೊಡ ಸುರಿದರೆ ಹುಡುಗಿ ಮರವಾಗುತ್ತಾಳೆ. ತೊಟ್ಟು ನೋಯದಂತೆ ಹೂ ಬಿಡಿಸಿಕೊಂಡು ಇನ್ನೊಂದು ಕೊಡ ಸುರಿದರೆ ಮತ್ತೆ ಹುಡುಗಿ. ಸುರಿಯುವ ಅಕ್ಕನಿಗೆ ಯಾವ ಮಂತ್ರವೂ ಬರುವುದಿಲ್ಲ. ಮುಂದೆ, ಮದುವೆಯಾದ ಮೇಲೆ, ನಾದಿನಿ ಗೆಳತಿಯರ ಜೊತೆ ಕೊಂಬೆ ಮುರಿದು ಆಡಿದಾಗ ಹುಡುಗಿ ಅರೆಮೈಯಾಗಿ ಉಳಿಯುತ್ತಾಳೆ. ನೀರು ಅದೇ, ಕೊಡಗಳೂ ಅವೇ, ಸುರಿದ ಕೈ ಮಾತ್ರ ಬೇರೆ. ಹಟ್ಟಿಯ ನೇಮದಲ್ಲಿ ಉಳಿಸಿಕೊಳ್ಳಬೇಕಾದ ತಿರುಳು ಇದೇ: ಕೈಯ ಎಚ್ಚರ. ಕುಲದ ಗೋಡೆ, ಸೂತಕದ ಗೋಡೆ ಅದರ ಸುತ್ತ ಆಮೇಲೆ ಎದ್ದವು.

ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಬಗ್ಗೆಯೂ ಇಂಥದೇ ಕಥೆಯಿದೆ. ಕೆರೆ ಕಟ್ಟಿಸಿದ ಈ ಅವಧೂತ ಸಂಜೆ ಕೂಲಿಗೆಂದು ಮರಳಿನ ಗುಪ್ಪೆ ಮಾಡಿಸುತ್ತಿದ್ದರಂತೆ. ಗುಪ್ಪೆಗೆ ಕೈಹಾಕಿದವರಿಗೆ ಅವರವರು ದುಡಿದಷ್ಟೇ ಹಣ ಸಿಗುತ್ತಿತ್ತಂತೆ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಅವರ ಮಾತಿಗೆ ಆ ಮರಳೇ ಸಾಕ್ಷಿ. ಗುಪ್ಪೆ ಎಲ್ಲರಿಗೂ ತೆರೆದಿತ್ತು, ಅಳತೆಯೊಂದೇ ತಪ್ಪುತ್ತಿರಲಿಲ್ಲ. ಇಂದು ಅದೇ ಊರಿನ ತೇರಿನ ದಿನ ಮುಕ್ತಿ ಬಾವುಟ ಹರಾಜಾಗುತ್ತದೆ. ಲಕ್ಷಗಟ್ಟಲೆ ಕೂಗಿದವರಿಗೆ ಬಾವುಟ. ಬಯಲಲ್ಲಿ ನಿಂತು ಕೊಬ್ಬರಿ ಸುಡುವ ಸಾವಿರಾರು ಜನ ಆ ಕೂಗಿನಲ್ಲಿ ಇರುವುದಿಲ್ಲ. ಹಣ ದೇವಸ್ಥಾನಕ್ಕೆ ಸೇರುತ್ತದೆ, ಭಕ್ತಿಯೂ ನಿಜವಿರಬಹುದು. ಆದರೂ ಮರಳಿನ ಗುಪ್ಪೆಯ ಅಳತೆಗೂ ಹರಾಜಿನ ಅಳತೆಗೂ ಇರುವ ದೂರ ಕಣ್ಣಿಗೆ ಹೊಡೆಯುತ್ತದೆ. ಅದೇ ತಾಲ್ಲೂಕಿನ ಕುದಾಪುರದ ಸುತ್ತಲೂ ಇನ್ನೊಂದು ದೂರವಿದೆ. ಪುಷ್ಪಕ್ ಇಳಿದ ರನ್‌ವೇಯೂ ಸೇರಿದಂತೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಕೊಟ್ಟ ಸಾವಿರಾರು ಎಕರೆ ಅಮೃತಮಹಲ್ ಕಾವಲು ಹಿಂದೆ ಸುತ್ತಲ ಹಳ್ಳಿಗಳ ದನ, ಕುರಿ ಮೇಯುತ್ತಿದ್ದ ಹುಲ್ಲುಗಾವಲು. ಈಗ ಅಲ್ಲಿ ಬೇಲಿ.

ಇಷ್ಟಕ್ಕೆಲ್ಲ ಬಹಳ ಹಿಂದೆಯೇ ಈ ಪ್ರಶ್ನೆಯನ್ನು ಎತ್ತಿಕೊಂಡ ಬಂಡೆಗಳು ಮೊಳಕಾಲ್ಮುರು ತಾಲ್ಲೂಕಿನಲ್ಲಿವೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಕಿರು ಶಾಸನಗಳನ್ನು ಬಿ.ಎಲ್. ರೈಸ್ ಬೆಳಕಿಗೆ ತಂದದ್ದು 1892ರಲ್ಲಿ. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರೆಂಬ ಅಧಿಕಾರಿಗಳಿಗೆ ಬಂದ ಆದೇಶ ಅದು. ಉಪಾಸಕನಾಗಿ ಎರಡೂವರೆ ವರ್ಷ ಕಳೆದವು, ಮೊದಲ ಒಂದು ವರ್ಷ ತಾನು ಹೆಚ್ಚು ಶ್ರಮಪಡಲಿಲ್ಲ ಎಂದು ಚಕ್ರವರ್ತಿ ಅದರಲ್ಲಿ ಒಪ್ಪಿಕೊಳ್ಳುತ್ತಾನೆ. ಆಮೇಲೆ ಸಂಘದ ಹತ್ತಿರವಾಗಿ ಶ್ರಮಪಟ್ಟ ಫಲವಾಗಿ, ಜಂಬೂದ್ವೀಪದಲ್ಲಿ ದೇವರುಗಳಿಂದ ದೂರವಿದ್ದ ಮನುಷ್ಯರು ದೇವರುಗಳೊಡನೆ ಬೆರೆತರು ಎನ್ನುತ್ತಾನೆ. ಇದು ದೊಡ್ಡವರಿಗೆ ಮಾತ್ರ ಸಾಧ್ಯವಾದದ್ದಲ್ಲ, ಖುದಕನೂ, ಎಂದರೆ ಸಣ್ಣವನೂ, ಶ್ರಮಪಟ್ಟರೆ ಮಹಾಸ್ವರ್ಗ ಪಡೆಯಬಲ್ಲ ಎಂಬುದು ಆ ಶಾಸನದ ನಡುಗಂಬ. ದೇವರೊಡನೆ ಬೆರೆಯುವುದಕ್ಕಿಂತ ದೊಡ್ಡ ಮಾಯ ಯಾವುದು? ಅದಕ್ಕೆ ಅರಸ ಕೇಳಿದ ಅರ್ಹತೆ ಶ್ರಮವೊಂದೇ. ಹಿಂದೆಯೇ ಬರುವ ಮಾತುಗಳು ಇನ್ನೂ ಮನೆಮಟ್ಟದವು: ತಂದೆತಾಯಿಯ ಸೇವೆ, ಜೀವಿಗಳ ಮೇಲೆ ದಯೆ, ಸತ್ಯ, ಗುರುವಿಗೆ ಗೌರವ. ಇವಕ್ಕೆ ಪೆಟ್ಟಿಗೆಯೂ ಬೇಡ, ಕುಲವೂ ಬೇಡ, ಹೆಣ್ಣಾದವಳು ಹಟ್ಟಿಯ ಹೊರಗೆ ನಿಲ್ಲಬೇಕಾದ್ದೂ ಇಲ್ಲ.

ಬ್ರಹ್ಮಗಿರಿಯ ಆ ಬಂಡೆಯನ್ನು ಊರಿನವರು ಕರೆದದ್ದು ಅಕ್ಷರಗುಂಡು ಎಂದು. ಅದರ ಬ್ರಾಹ್ಮಿ ಲಿಪಿ ಓದುವವರು ಇಲ್ಲವಾಗಿ ಶತಮಾನಗಳೇ ಕಳೆದಿದ್ದರೂ ಅದರ ಮೇಲಿರುವುದು ಅಕ್ಷರ ಎಂಬ ಗುರುತನ್ನು ದನ ಮೇಯಿಸುವವರು ಬಿಟ್ಟುಕೊಡಲಿಲ್ಲ. ಶಾಸನದ ಕೊನೆಗೆ ಬರೆದವನ ಹೆಸರಿದೆ: ಚಪಡ. ಅರಸನೂ ಅಲ್ಲ, ಭಿಕ್ಷುವೂ ಅಲ್ಲ, ಬರವಣಿಗೆಯಿಂದ ಹೊಟ್ಟೆ ಹೊರೆದ ಲಿಪಿಕಾರ. ಈ ಸೀಮೆಯಲ್ಲಿ ಬರಹವೇ ಹೊಸ ಅಚ್ಚರಿಯಾಗಿದ್ದ ಕಾಲದಲ್ಲಿ ಅದು ಅವನ ಕೈಯಲ್ಲಿತ್ತು. ಇಡೀ ಆದೇಶವನ್ನು ಬ್ರಾಹ್ಮಿಯಲ್ಲಿ ಬರೆದು, ತನ್ನ ಕಸುಬನ್ನು ಹೇಳುವ ಒಂದು ಪದವನ್ನು ಮಾತ್ರ ದೂರದ ವಾಯವ್ಯ ಸೀಮೆಯ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ, ಕೊರೆದು ಹೋಗಿದ್ದಾನೆ.